ನಲವತ್ತೊಂದಕ್ಕೆ ಮುಟ್ಟಿತು

"ಸತ್ತವ್ರಿಗೂ ಸುದ್ದಿ ಮುಟ್ತ್ ಅಂದ್ರೆ, ವಾಮನಣ್ಣ, ನಿಮ್ಮ ಪೆಟ್ಗಿ ಸಣ್ಣದಲ್ಲ ಮಾರಾಯ್ರೆ. ಬದ್ಕಿಪ್ಪವ್ರ್ ಕೂಗಿರೆ ಮಾತ್ರ ಅದ್ಕೆ ಕೇಂತಿಲ್ಲೆ."

ಹೆರಿಯಣ್ಣ ಇಷ್ಟು ಹೇಳಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಮಸಣದಿಂದ ಮಿಂದು ನೇರ ಬಂದಿದ್ದ. ತಲೆಗೂದಲು ಇನ್ನೂ ಒದ್ದೆಯಿತ್ತು, ಪಂಚೆಯ ಅಂಚಿಗೆ ಮರಳು ಮೆತ್ತಿಕೊಂಡಿತ್ತು. ತಮ್ಮ ಭಾಸ್ಕರನಿಗೆ ಬೆಂಕಿ ಕೊಟ್ಟು ಎರಡು ಗಂಟೆಯೂ ಆಗಿರಲಿಲ್ಲ.

ವಾಮನ ಒಂದು ಒಣ ಟವೆಲನ್ನು ಅವನತ್ತ ಚಾಚಿದ.

ಅದು ಹೊಸಕೋಡಿ ಬಂದರಿನ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ. ಕೆಳಗೆ ಮಂಜುಗಡ್ಡೆ ಇರುವುದರಿಂದ ಅಲ್ಲಿ ಯಾವ ಕಾಲದಲ್ಲೂ ಅಂಗಾಲು ತಣ್ಣಗೆ ಕೊರೆಯುತ್ತದೆ. ಮೊದಲು ವಾಮನ ಅಲ್ಲಿ ದೋಣಿಗಳ ವೈರ್‌ಲೆಸ್ ರಿಪೇರಿ ಮಾಡುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಹಾಳಾದ ರೇಡಿಯೋಗಳನ್ನು ಬಿಚ್ಚಿ ಬಿಚ್ಚಿಯೇ ವಿದ್ಯೆ ಕಲಿತವನು. ನಾಲ್ಕು ವರ್ಷದ ಹಿಂದೆ ಮಂಗಳೂರಿನ ಪ್ರಯೋಗಾಲಯದವರು ಗೋಡೆಗೊಂದು ದೊಡ್ಡ ಪರದೆ ಹಾಕಿ, ಇದು ಕಂಟ್ರೋಲ್ ರೂಮ್ ಎಂದರು. ಊರಿನವರಿಗೆ ಅದು ಈಗಲೂ ವಾಮನಣ್ಣನ ಅಂಗಡಿಯೇ.

ಪರದೆಯ ಮೇಲೆ ಅರವತ್ತೆರಡು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಸಮುದ್ರದಲ್ಲಿರುವ ಒಂದು ದೋಣಿ. ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು, ಕೆಲವು ಕೂದಲೆಳೆಯಷ್ಟು, ಕೆಲವು ಬೆರಳು ದಪ್ಪ. ಆ ಗೆರೆಗಳ ಮುಂದೆ ಸುಮೇಧಾ ನಿಂತಿದ್ದಳು. ಈ ಇಡೀ ಜಾಲವನ್ನು ಯೋಚಿಸಿ ಮಾಡಿದವಳು ಅವಳು. ಸುದ್ದಿ ಕೇಳಿ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು, ತಿಂಡಿಯೂ ತಿಂದಂತಿರಲಿಲ್ಲ.

"ಹೆರಿಯಣ್ಣ, ನಿನ್ನೆ ಏನಾಯ್ತು ಅಂತ ನಿಮ್ಮ ಬಾಯಲ್ಲೇ ಒಂದ್ಸಲ ಹೇಳ್ತೀರಾ? ಬೇಜಾರು ಮಾಡ್ಕೋಬೇಡಿ."

"ಎಂತ ಹೇಳುದ್ ಅಮ್ಮ? ಬಲೆ ಎಳೆವ ಹೊತ್ತಿಗೆ ಹಗ್ಗ ಸುತ್ತು ವಿಂಚಿಗೆ ಅವನ್ ಕಾಲ್ ಸಿಕ್ತ್. ನಾ ಕೆಂಪು ಗುಂಡಿ ಒತ್ತಿದೆ. ಒಂದ್ ನಿಮಿಷ ಆಯ್ಲಿಲ್ಲೆ, ಹಸ್ರು ದೀಪ ಬಂತ್. ಮುಟ್ಟಿತು. ಸಹಾಯದ ದೋಣಿ ಬಪ್ಪತಂಕ ಇದ್ದಲ್ಲೇ ಇರ್ಕ್ ಅಂದೇಳಿ ನೀವೇ ಅಲ್ದಾ ಹೇಳಿದ್ದ್? ಇದ್ದೆವ್. ಲುಂಗಿ ಹರ್ದು ಕಾಲಿಗೆ ಕಟ್ಟಿ, ಅವನ್ ತಲಿ ತೊಡಿ ಮೇಲ್ ಇಟ್ಕಂಡ್ ಕೂಕಂಡಿದ್ದೆ. 'ಹಸ್ರು ಬಂತಾ ಅಣ್ಣಯ್ಯ' ಅಂದ. 'ಬಂತ್ ಮಗಾ' ಅಂದೆ. ಒಂದೂವರೆ ಗಂಟೆ. ಹಸ್ರು ಕಾಣ್ತಾನೇ ಹೋದ."

ಸಹಾಯದ ದೋಣಿ, ನರ್ಸು ಮತ್ತು ರಕ್ತದ ಚೀಲಗಳ ಸಮೇತ, ಅವರಿಂದ ಬಡಗು ದಿಕ್ಕಿಗೆ ಎಂಟೇ ಮೈಲಿಯಲ್ಲಿತ್ತು. ಅದರಲ್ಲಿದ್ದವರು ಚಾ ಕುಡಿಯುತ್ತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಈ ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. ಮೊಬೈಲ್ ಟವರು ಕೈಬಿಡುವ ದೂರದಲ್ಲಿ ದೋಣಿಯಿಂದ ದೋಣಿಗೆ ಮಾತು ದಾಟಿಸುವ ಪೆಟ್ಟಿಗೆ ಅದು. ದೋಣಿಯವರ ಮನೆಗಳಲ್ಲೂ ಒಂದೊಂದಿದೆ. ಅದರ ಕೂಗು ನಾಲ್ಕು ಮೈಲಿಗಿಂತ ಆಚೆ ಹೋಗುವುದಿಲ್ಲ. ಹಾಗಾಗಿ ಸುದ್ದಿ ಒಂದು ದೋಣಿಯಿಂದ ಪಕ್ಕದ ದೋಣಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಹತ್ತಿ ಇಳಿದು ಹೋಗಬೇಕು. ದೋಣಿಗಳೋ ಒಂದು ಕಡೆ ನಿಲ್ಲುವವಲ್ಲ. ಯಾವ ದಾರಿಯಲ್ಲಿ ಕಳಿಸಬೇಕೆಂದು ಯಾರು ಹೇಳಬೇಕು? ಯಾರೂ ಹೇಳುವುದಿಲ್ಲ, ಇರುವೆಗಳಿಗೆ ಯಾರು ಹೇಳುತ್ತಾರೆ ಎಂದಿದ್ದಳು ಸುಮೇಧಾ. ಬೆಲ್ಲ ಸಿಕ್ಕಿದ ಇರುವೆ ವಾಪಸು ಬರುವಾಗ ದಾರಿಗೆ ವಾಸನೆ ಬಿಡುತ್ತದೆ. ಹಿಂದಿನ ಇರುವೆ ಅದನ್ನು ಹಿಡಿದು ಹೋಗುತ್ತದೆ, ಅದೂ ವಾಸನೆ ಬಿಡುತ್ತದೆ. ಬೆಲ್ಲ ಮುಗಿದ ಮೇಲೆ ಬಿಡುವವರಿಲ್ಲದೆ ವಾಸನೆ ಆರಿಹೋಗುತ್ತದೆ. ಪೆಟ್ಟಿಗೆಯಲ್ಲೂ ಅದೇ. ಸುದ್ದಿ ಸೇರಬೇಕಾದಲ್ಲಿ ಸೇರಿ 'ಮುಟ್ಟಿತು' ಎಂಬ ಉತ್ತರ ಬಂದರೆ, ಆ ಉತ್ತರ ಬಂದ ದಾರಿಯುದ್ದಕ್ಕೂ ಪೆಟ್ಟಿಗೆಗಳು ಒಂದು ಅಂಕಿ ಹೆಚ್ಚು ಬರೆದುಕೊಳ್ಳುತ್ತವೆ. ಅದೇ ವಾಸನೆ. ದಿನಕ್ಕೆ ಅರ್ಧದಷ್ಟು ತಾನಾಗಿ ಆರುತ್ತದೆ. ಇಂಥವರಿಗೇ ಎಂದು ನಂಬರು ಇಲ್ಲದ ಸುದ್ದಿ, ಅಂದರೆ ಕೆಂಪು ಗುಂಡಿಯ ಕೂಗು, ಎಲ್ಲಿ ವಾಸನೆ ದಟ್ಟವೋ ಅತ್ತ ಓಡುತ್ತದೆ. ಉತ್ತರ ಬೇಗ ಸಿಗುವುದು ಅಲ್ಲೇ ತಾನೆ?

"ಇಲ್ನೋಡಿ ವಾಮನಣ್ಣ." ಸುಮೇಧಾ ಪರದೆಯ ಕೆಳಮೂಲೆಗೆ ಬೆರಳಿಟ್ಟಳು. ಎಲ್ಲಕ್ಕಿಂತ ದಪ್ಪದ ಗೆರೆ ದಡದಿಂದ ಹೊರಟು, ಒಂದರ ಹಿಂದೊಂದು ಏಳು ದೋಣಿ ದಾಟಿ, ನೈಋತ್ಯದ ಕೊನೆಯ ದೋಣಿಯಲ್ಲಿ ನಿಂತಿತ್ತು. ಅದರಾಚೆ ಬರೀ ನೀರು. "ಭಾಸ್ಕರನ ದೋಣಿಯ ಕೂಗು ಈ ದಾರಿ ಹಿಡೀತು. ಕೊನೇ ದೋಣಿ 'ಮತ್ಸ್ಯರಾಣಿ'. ಅಲ್ಲಿ ಶೀನಣ್ಣ 'ಮುಟ್ಟಿತು' ಒತ್ತಿದಾರೆ. ಆದ್ರೆ ಯಾರಿಗೂ ಹೇಳಿಲ್ಲ. ಯಾಕೆ?"

ಶೀನ ಬೆಳಿಗ್ಗೆಯೇ ಸಮುದ್ರದಿಂದ ಇದಕ್ಕೆ ಉತ್ತರ ಕೊಟ್ಟಿದ್ದ. ವಾಮನ ಅದನ್ನು ಕೇಳಿಯೂ ಯಾರಿಗೂ ಹೇಳಿರಲಿಲ್ಲ. 'ನಿಮ್ಮ ತಂಗಿ ಗುಲಾಬಕ್ಕ ಮಾತಾಡು ಹೊತ್ತಲ್ದಾ ಅದ್, ವಾಮನಣ್ಣ. ದೀಪ ಹಚ್ಚು ಹೊತ್ತಿಗೆ ಪೆಟ್ಗಿ ಕೂಗಿರೆ ಅದ್ ಅವ್ರದ್ದೇ. ನಾ ಬಲೆ ಕೊಡವ್ತಾ ಇದ್ದೆ. ಕಾಣ್ದೇ ಒತ್ತಿದೆ. ದಿನಾ ಒತ್ತು ಹಾಂಗೆ ಒತ್ತಿದೆ.'

"ನಲವತ್ತೊಂದು ಅನ್ನೋ ನಂಬರಿಗೆ ದಿನಾ ಸಂಜೆ ಒಂದು ಸುದ್ದಿ ಹೋಗ್ತಿದೆ," ಸುಮೇಧಾ ಮುಂದುವರಿಸಿದಳು. "ಒಂಬತ್ತು ತಿಂಗಳಿಂದ, ಒಂದು ದಿನಾನೂ ತಪ್ಪಿಲ್ಲ. ದಿನಾ 'ಮುಟ್ಟಿತು' ಅಂತ ಉತ್ತರ ಬಂದಿದೆ. ಬೇರೆ ವಾಸನೆಗಳು ಆರ್ತಾ ಹುಟ್ತಾ ಇರ್ತವೆ, ಇದೊಂದು ಮಾತ್ರ ಆರೇ ಇಲ್ಲ. ಆದ್ರೆ ನಲವತ್ತೊಂದನೇ ಪೆಟ್ಟಿಗೆ ಈ ಪರದೆ ಮೇಲೇ ಇಲ್ಲ. ಯಾವ ದೋಣಿ ಅದು?"

ಹೆರಿಯಣ್ಣ ವಾಮನನ ಮುಖ ನೋಡಿದ. ವಾಮನ ನೆಲ ನೋಡಿದ.

"ಜಲದುರ್ಗೆ," ಎಂದ. "ನನ್ನ ಭಾವನ ದೋಣಿ. ತಂಗಿ ಗುಲಾಬಿಯ ಗಂಡ, ಶೇಖರ. ಹೋದ ವರ್ಷದ ಗಾಳಿಗೆ ಸಿಕ್ಕಿದ್ದ್. ದೋಣಿಯೂ ಇಲ್ಲೆ, ಜನವೂ ಇಲ್ಲೆ."

ಸುಮೇಧಾ ಪರದೆಯತ್ತ ತಿರುಗಿದಳು. ಹಳೆಯ ದಾಖಲೆಯನ್ನು ಹಿಂದಕ್ಕೆ ಹಿಂದಕ್ಕೆ ಜರುಗಿಸಿದಳು. ಮೊದಲನೆಯ ದಿನ, ಮೊದಲನೆಯ 'ಮುಟ್ಟಿತು'. ಅದು ಯಾವ ದೋಣಿಯಿಂದಲೂ ಬಂದಿರಲಿಲ್ಲ. ದಡದ ಪೆಟ್ಟಿಗೆಯಿಂದ, ಇದೇ ಕೋಣೆಯಿಂದ ಬಂದಿತ್ತು.

"ನಾನೇ," ಎಂದ ವಾಮನ.

ಆ ಸಂಜೆ ಅವನಿಗೆ ಚೆನ್ನಾಗಿ ನೆನಪಿತ್ತು. ಗಾಳಿ ನಿಂತು ಹನ್ನೆರಡನೆಯ ದಿನ. ಹುಡುಕಲು ಹೋದ ದೋಣಿಗಳು ಒಂದು ಪ್ಲಾಸ್ಟಿಕ್ ಕ್ಯಾನು, ಬಲೆಯ ಎರಡು ಬೆಂಡು ಹಿಡಿದು ವಾಪಸು ಬಂದಿದ್ದವು. ಗುಲಾಬಿ ಮನೆಯ ಪೆಟ್ಟಿಗೆಯಿಂದ ನಲವತ್ತೊಂದಕ್ಕೆ ಮಾತಾಡಿದಳು. "ಹ್ವಾಯ್, ಕೇಂತಾ? ನೀವ್ ನೆಟ್ಟ ಬೇವಿನ ಸೊಪ್ಪಿನ ಗಿಡ ಗಾಳಿಗೆ ಮುರೀಲಿಲ್ಲೆ." ಇಷ್ಟೇ ಮಾತು. ಹನ್ನೆರಡು ನಿಮಿಷದಲ್ಲಿ ಉತ್ತರ ಬರದಿದ್ದರೆ ಪೆಟ್ಟಿಗೆಗೆ ಕೆಂಪು ದೀಪ ಬರುತ್ತದೆ. ಹನ್ನೊಂದನೆಯ ನಿಮಿಷಕ್ಕೆ ವಾಮನನ ಕೈ ತಾನಾಗಿ ಗುಂಡಿಗೆ ಹೋಯಿತು.

ಬೇರೆಯವರ ಸುದ್ದಿಗೆ ತಾನು 'ಮುಟ್ಟಿತು' ಒತ್ತುವ ಈ ಸೌಕರ್ಯ ಮಾಡಿಸಿದವನೂ ಅವನೇ. ಮಂಗಳೂರಿನ ಪ್ರಯೋಗಾಲಯದ ಉದ್ದನೆಯ ಮೇಜುಗಳ ಮೇಲೆ ಅರವತ್ತು ಪೆಟ್ಟಿಗೆ ಹರವಿಟ್ಟು ಪರೀಕ್ಷೆ ನಡೆಸುತ್ತಿದ್ದಾಗ ಸುಮೇಧಾ ಬೇಡವೆಂದಿದ್ದಳು. ಯಾರ ಸುದ್ದಿಯೋ ಅವರೇ ಒತ್ತಲಿ ಎಂದಿದ್ದಳು. "ಅದ್ ಹಾಂಗಲ್ಲ ಅಮ್ಮ," ಎಂದು ವಾಮನ ವಾದ ಮಾಡಿದ್ದ. "ಪಕ್ಕದ ದೋಣಿಯವ ಎಂಜಿನ್ ಸದ್ದಲ್ಲಿ ಇರ್ತ, ಇಲ್ದಿರೆ ನಿದ್ರಿಯಲ್ಲಿ. ಸುದ್ದಿ ಕೇಂಡವ 'ನಾ ಹೇಳ್ತೆ' ಅಂದೇಳಿ ದೋಣಿ ಹತ್ರ ತಕಂಡ್ ಹೋಯಿ ಬಾಯಲ್ಲಿ ಹೇಳ್ತ. ನಮ್ಮಲ್ಲಿ ಅಜ್ಜನ ಕಾಲದಿಂದ ಹಾಂಗೇ. ಒಬ್ಬ ಕೈ ಎತ್ತಿರೆ ಸುದ್ದಿ ಮುಟ್ಟಿದ ಲೆಕ್ಕ." ಅವಳು ಒಪ್ಪಿದ್ದಳು. ಆ ಗುಂಡಿ ಎಷ್ಟೋ ಜೀವ ಉಳಿಸಿತ್ತು, ಅದನ್ನೂ ಹೇಳಬೇಕು.

ಎರಡನೆಯ ಸಂಜೆ ವಾಮನ ಒತ್ತುವ ಮೊದಲೇ ಯಾವುದೋ ದೋಣಿಯವರು ಒತ್ತಿದ್ದರು. ಮೂರನೆಯ ಸಂಜೆ ಇನ್ನೊಂದು. ಯಾರೂ ಯಾರಿಗೂ ಹೇಳಿಕೊಳ್ಳಲಿಲ್ಲ. ದೋಣಿ ದೋಣಿ ದಾಟಿ ಹೋಗುವ ಗುಲಾಬಿಯ ದನಿ ಎಲ್ಲ ಪೆಟ್ಟಿಗೆಗಳಲ್ಲೂ ಕೇಳುತ್ತಿತ್ತು. ಬಾವಿಕಟ್ಟೆಗೆ ಗಾರೆ ಹಾಕಿಸಿದೆ, ಬೆಕ್ಕು ಮೂರು ಮರಿ ಹಾಕಿದೆ, ಇವತ್ತು ಬಂಗುಡೆ ಸಾರು, ಉಪ್ಪು ಹೆಚ್ಚಾಯಿತು. ಯಾರೋ ಒಬ್ಬರು ಬಲೆ ಬಿಟ್ಟು ಬಂದು ಒತ್ತುತ್ತಿದ್ದರು. ಜಲದುರ್ಗೆ ಮುಳುಗಿದ ದಿಕ್ಕಿಗೆ ಹತ್ತಿರದಲ್ಲಿ ಯಾರಿದ್ದರೋ ಅವರದೇ ಆ ಕೆಲಸ ಎಂಬುದು ಹೇಗೋ ನಿಯಮವಾಗಿಬಿಟ್ಟಿತ್ತು.

"ನೀವು..." ಎಂದು ಸುಮೇಧಾ ಶುರು ಮಾಡಿದಳು.

"ಅವ್ರನ್ ಒಬ್ರನ್ನೇ ಎಂತಕೆ ಕೇಂತ್ರಿ ಅಮ್ಮ," ಹೆರಿಯಣ್ಣ ನಡುವೆ ಬಾಯಿ ಹಾಕಿದ. ಬಂದಾಗಿನ ಬಿರುಸು ಅವನ ದನಿಯಲ್ಲಿ ಉಳಿದಿರಲಿಲ್ಲ. "ನಾನೂ ಒತ್ತಿದ್ದೆ. ಎಷ್ಟ್ ಸಲವೋ. ನನ್ನ ಕೈ ಬಿಡುವಿಲ್ದಿದ್ರೆ ಭಾಸ್ಕರ ಓಡಿ ಹೋಯಿ ಒತ್ತುವ. 'ಗುಲಾಬಕ್ಕಂಗೆ ಕೆಂಪು ಕಾಂಬುಕಾಗ ಅಣ್ಣಯ್ಯ' ಅಂಬ."

ಕೆಳಗೆ ಮಂಜುಗಡ್ಡೆ ಒಡೆಯುವ ಯಂತ್ರ ಶುರುವಾಗಿ ನಿಂತಿತು.

"ಪೆಟ್ಟಿಗೆ ಕೆಟ್ರೆ ಏನಾಗುತ್ತೆ ಅಂತ ನೋಡಿದ್ದೆ," ಸುಮೇಧಾ ತನಗೇ ಎಂಬಂತೆ ಹೇಳಿದಳು. "ಬ್ಯಾಟರಿ ಹೋದ್ರೆ, ದೋಣಿ ಮುಳುಗಿದ್ರೆ, ಯಾರಾದ್ರೂ ಬೇಕಂತ ಸುಳ್ಳು ಸುದ್ದಿ ಬಿಟ್ರೆ, ಎಲ್ಲಾ ನೋಡಿದ್ದೆ. ಅರವತ್ತು ಜನ ಅಯ್ಯೋ ಪಾಪ ಅಂದ್ಬಿಟ್ರೆ ಏನಾಗುತ್ತೆ ಅಂತ ನೋಡ್ಲಿಲ್ಲ."

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಲವತ್ತೊಂದಕ್ಕೆ ಯಾರೂ ಒತ್ತದಿದ್ದರೆ ವಾಸನೆ ನಾಲ್ಕೈದು ದಿನದಲ್ಲಿ ತಾನೇ ಆರುತ್ತದೆ. ಅಲ್ಲಿಯವರೆಗೆ ಪ್ರತಿ ಕೆಂಪು ಕೂಗನ್ನೂ ದೋಣಿಯವರು ಕಣ್ಣಿಟ್ಟು ನೋಡಬೇಕು. ಇವತ್ತು ಒಬ್ಬರು ಒತ್ತಿದರೂ ಅರ್ಧ ಆರಿದ್ದು ಮತ್ತೆ ತುಂಬಿಕೊಳ್ಳುತ್ತದೆ, ಸಮುದ್ರದ ಮೇಲಿರುವ ಯಾರಿಗೆ ಬೇಕಾದರೂ ಭಾಸ್ಕರನ ಗತಿ ಬರಬಹುದು. "ಎಲ್ಲಾ ದೋಣಿಗೂ ಈಗಲೇ ಹೇಳ್ತೀನಿ. ಅಷ್ಟು ಸಾಕು," ಎಂದಳು.

"ಸಾಕ್," ಎಂದು ವಾಮನ ಎದ್ದ. "ಆದ್ರೆ ಅವ್ಳಿಗೆ ಹೇಳ್ದೇ ಕೆಂಪು ತೋರ್ಸುಕ್ ಆತಿಲ್ಲೆ. ದೀಪ ಹಚ್ಚು ಹೊತ್ತಿಗೆ ಮೊದ್ಲ್ ನಾ ಅಲ್ಲಿರ್ಕ್."

ಹೆರಿಯಣ್ಣನೂ ಎದ್ದ. "ನಮ್ಮನೆಯಲ್ಲಿ ಒಲೆ ಹೊತ್ಲಿಲ್ಲೆ. ಕೇರಿಯವ್ರ್ ಗಂಜಿ ತಂದಿಡ್ತಾ ಇದ್ರ್. ಹೋಯ್ಕ್," ಎಂದ. ಮೆಟ್ಟಿಲು ಇಳಿಯುವಾಗ ತಿರುಗಿ, "ಭಾಸ್ಕರ ಒತ್ತಿದ್ದ್ ಗುಲಾಬಕ್ಕಂಗೆ ಹೇಳ್ಬೇಡಿ," ಎಂದ.

ಸಾವಿನ ಮನೆಯಲ್ಲಿ ಒಲೆ ಉರಿಸುವಂತಿಲ್ಲ. ನೆರೆಯವರು ಗಂಜಿ ಮಾಡಿ ತಂದು ಜಗಲಿಯಲ್ಲಿಟ್ಟು ಮಾತಾಡದೆ ಹೋಗುತ್ತಾರೆ. ಹೊಸಕೋಡಿಯ ಪದ್ಧತಿ ಅದು. ಗುಲಾಬಿಯ ಜಗಲಿಗೆ ಯಾರೂ ಗಂಜಿ ತಂದಿರಲಿಲ್ಲ. ತಂದರೆ ಶೇಖರ ಸತ್ತ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಹೆಣ ಸಿಗಲಿಲ್ಲ, ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಲಿಲ್ಲ. ಅವಳ ಒಲೆ ಒಂಬತ್ತು ತಿಂಗಳೂ ಉರಿಯುತ್ತಲೇ ಇತ್ತು.

ವಾಮನ ಹೋದಾಗಲೂ ಉರಿಯುತ್ತಿತ್ತು. ದೊಡ್ಡ ಪಾತ್ರೆಯಲ್ಲಿ ಗಂಜಿ ಕೊತಗುಟ್ಟುತ್ತಿತ್ತು.

"ಬಾ ಅಣ್ಣಯ್ಯ. ಭಾಸ್ಕರನ್ ಮನಿಗೆ ಅಂದ್ ಮಾಡ್ದೆ. ಅವನ್ ಹೆಂಡ್ತಿ ಸರೋಜ ನಿನ್ನೆಯಿಂದ ಒಂದ್ ಅಗುಳ್ ಮುಟ್ಲಿಲ್ಲೆ ಅಂಬ್ರ್. ನಾವಿಬ್ರೂ ಮೀನ್ ಮಾರುಕ್ ಕೂಕಂಬುದ್ ಒಂದೇ ಕಡೆ ಅಲ್ದಾ." ಸೌಟು ತಿರುಗಿಸುತ್ತಲೇ ಅವಳು ಅವನ ಮುಖ ನೋಡಿದಳು. "ಎಂತ ಆಯ್ತ್?"

ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

"ಗುಲಾಬಿ, ನಲವತ್ತೊಂದನೇ ನಂಬ್ರಿಗೆ ಇವತ್ತಿಂದ ಯಾರೂ ಒತ್ತುದಿಲ್ಲೆ."

ಸೌಟು ನಿಂತಿತು. ಆಮೇಲೆ ಮತ್ತೆ ತಿರುಗಿತು.

"ಮೊದ್ಲ್ ಒತ್ತಿದ್ದ್ ನೀನ್ ಅಂದ್ ನಂಗ್ ಗೊತ್ತಿತ್ತ್," ಎಂದಳು.

"ಗೊತ್ತಿತ್ತಾ?"

"ಅವ್ರ್ ಯಾವತ್ತೂ ಎರಡ್ ಸಲ ಒತ್ತುವ್ರ್. ದೀಪ ಎರಡ್ ಸಲ ಮಿಣ್ಕುದ್. ಒಂದ್ ನಿಂಗೆ, ಒಂದ್ ನಿನ್ನ ಮೀನ್ ಸಾರಿಗೆ ಅಂದ್ ತಮಾಷೆ ಮಾಡುವ್ರ್. ಆವತ್ತ್ ಒಂದೇ ಸಲ ಮಿಣ್ಕಿತ್. ಆಗ್ಳೇ ಗೊತ್ತಾಯ್ತ್, ಅವ್ರ್ ಇಲ್ಲೆ ಅಂದೇಳಿ."

"ಮತ್ತೆ ಎಂತಕೆ ದಿನಾ..."

"ಗೊತ್ತಾಪುದ್ ಬೇರೆ ಅಣ್ಣಯ್ಯ, ಕೆಂಪು ಕಾಂಬುದ್ ಬೇರೆ. ಅಲ್ಲಿ ನೀರ್ ಮೇಲೆ ಯಾರೋ ಒಬ್ರ್ ಕೇಂತಾ ಇದ್ರ್ ಅಂದ್ ಆಯ್ತಲೆ. ಅಷ್ಟ್ ಸಾಕಾಯ್ತ್." ಅವಳು ಬೆಂಕಿ ಸ್ವಲ್ಪ ಹಿಂದಕ್ಕೆ ಎಳೆದಳು. "ಇವತ್ತಿಂದ್ಲೇ ಎಂತಕೆ?"

ಇದನ್ನೊಂದು ಕೇಳದಿರಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಪೆಟ್ಟಿಗೆ ಕೆಟ್ಟಿದೆ, ಮಂಗಳೂರಿನವರು ಬದಲಾಯಿಸುತ್ತಾರೆ ಎನ್ನಬಹುದಿತ್ತು. ಮೊದಲನೆಯ ಸುಳ್ಳು ಎಲ್ಲಿಗೆ ಬಂದು ನಿಂತಿದೆ ಎಂದು ಈಗಷ್ಟೇ ಪರದೆಯ ಮೇಲೆ ನೋಡಿ ಬಂದಿದ್ದ. ಹೇಳಿದ. ಬೆಲ್ಲ, ಇರುವೆ, ವಾಸನೆ ಎಂದೆಲ್ಲ ಸುತ್ತಿ, ಕೊನೆಗೆ ಭಾಸ್ಕರನ ಕಾಲು, ಹಸಿರು ದೀಪ, ಶೀನ ನೋಡದೆ ಒತ್ತಿದ್ದು, ಎಲ್ಲ ಹೇಳಿದ. ಹೆರಿಯಣ್ಣ ಹೇಳಬೇಡ ಎಂದಿದ್ದನ್ನು ಮಾತ್ರ ಹೇಳಲಿಲ್ಲ.

ಗಂಜಿ ತಳ ಹಿಡಿಯುವ ವಾಸನೆ ಬಂದಾಗ ಗುಲಾಬಿ ಎದ್ದು ಪಾತ್ರೆ ಇಳಿಸಿದಳು.

"ಅವ್ನೂ ಒತ್ತಿಪ್ಪ," ಎಂದಳು.

"ಯಾರ್?"

"ಭಾಸ್ಕರ. ಕಂಡ್ರೆ ಮೂರ್ ಸಲ ಅಕ್ಕ ಅಂಬವ. ಒತ್ತದೆ ಇಪ್ಪ ಜನ ಅಲ್ಲ ಅವ."

ವಾಮನ ಎದ್ದು ಪಾತ್ರೆ ಹಿಡಿಯುವ ಬಟ್ಟೆ ತೆಗೆದುಕೊಂಡ.

"ಸರೋಜಂಗೆ ಹೆಣನಾದ್ರೂ ಸಿಕ್ತ್ ಅಂದ್ ಬೆಳಿಗ್ಗೆ ಗ್ರಹಿಸ್ದೆ ಅಣ್ಣಯ್ಯ. ಹೊಟ್ಟೆಕಿಚ್ಚಾಯ್ತ್ ನಂಗೆ. ಕಾಣ್, ಎಂಥ ಹೆಂಗ್ಸ್ ನಾನ್. ನನ್ನ ಬೆಕ್ಕಿನ್ ಮರಿ ಸುದ್ದಿ ಹೋಯಿ ಅವ್ಳ್ ಗಂಡನ್ ಸುದ್ದಿ ತಪ್ಸಿತ್, ಅದ್ ಗೊತ್ತಿಲ್ದೆ ನಾ ಇಲ್ಲಿ ಹೊಟ್ಟೆಕಿಚ್ಚ್ ಪಡ್ತಾ ಇದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಹಬೆಗೆ ಮುಖ ಬೆವತಿತ್ತು. "ಒಂದ್ ಸಲ ಮಾತಾಡ್ಲಾ? ಯಾರೂ ಒತ್ತದೆ ಇದ್ರೆ ತೊಂದ್ರಿ ಇಲ್ಲೆ ಅಲ್ದಾ?"

"ಇಲ್ಲೆ. ಉತ್ರ ಬಂದ್ರೆ ಮಾತ್ರ ವಾಸ್ನಿ. ಆದ್ರೆ ಕೆಂಪು ಬತ್ತ್, ಗುಲಾಬಿ."

"ಬರ್ಲಿ. ನೀ ಕೂಕೋ."

ಅವಳು ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಗೋಡೆಯ ಪೆಟ್ಟಿಗೆಯ ಮುಂದೆ ನಿಂತಳು. ದಿನಾ ಹೀಗೇ ನಿಲ್ಲುತ್ತಿದ್ದಳೆಂದು ವಾಮನನಿಗೆ ಗೊತ್ತಿತ್ತು, ನೋಡಿದ್ದು ಇದೇ ಮೊದಲು. ತಲೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಹ್ವಾಯ್, ಕೇಂತಾ? ನಮ್ಮ ಭಾಸ್ಕರ ಅಲ್ಲಿಗ್ ಬತ್ತಾ ಇದ್ದ. ಅವಂಗೆ ದಾರಿ ಗೊತ್ತಿಲ್ಲೆ, ಕಾಲ್ ಬೇರೆ ಸಮ ಇಲ್ಲೆ. ಕೈ ಹಿಡ್ಕಂಡ್ ಕರ್ಕಣಿ. ದೋಣಿಯಲ್ಲಿಪ್ಪವ್ರ್ ಎಲ್ಲ ಕೇಣಿ, ಯಾರೂ ಒತ್ಬೇಡಿ. ಇಷ್ಟ್ ದಿನ ಒತ್ತಿದ್ದ್ ನಂಗ್ ಮುಟ್ಟಿತ್."

ಗುಂಡಿಯಿಂದ ಬೆರಳು ತೆಗೆದಳು. ಪೆಟ್ಟಿಗೆಗೆ ಉತ್ತರ ಕಾಯುವ ಹಳದಿ ದೀಪ ಬಂತು. ಹೊಸ್ತಿಲ ಮೇಲೆ ಅಣ್ಣ, ಗೋಡೆಗೊರಗಿ ತಂಗಿ, ಇಬ್ಬರೂ ಅದನ್ನೇ ನೋಡುತ್ತ ಕೂತರು. ವಾಮನನ ಕಣ್ಣ ಮುಂದೆ ಅರವತ್ತೆರಡು ದೋಣಿಗಳು ಬಂದವು. ಅಲ್ಲಿ ಈಗ ಬಲೆ ಎಳೆಯುವವರು ಕೈ ನಿಲ್ಲಿಸಿರುತ್ತಾರೆ. ಶೀನ ತನ್ನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿರುತ್ತಾನೆ. ಹನ್ನೊಂದನೆಯ ನಿಮಿಷದಲ್ಲಿ ವಾಮನನ ಬೆರಳುಗಳು ಮಡಿಚಿಕೊಂಡವು. ಒಬ್ಬರಾದರೂ ಒತ್ತಲಿ ಎಂದು, ಯಾರೂ ಒತ್ತದಿರಲಿ ಎಂದು, ಎರಡನ್ನೂ ಒಟ್ಟಿಗೇ ಬೇಡಿಕೊಂಡ.

ಯಾರೂ ಒತ್ತಲಿಲ್ಲ. ದೀಪ ಕೆಂಪಾಯಿತು.

ಗುಲಾಬಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಸಣ್ಣ ದೀಪ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು.

"ಇಷ್ಟೇಯಾ," ಎಂದಳು.

"ಇಷ್ಟೇ," ಎಂದ ವಾಮನ.

"ಆ ಬದಿ ಹಿಡಿ ಅಣ್ಣಯ್ಯ. ಗಂಜಿ ತಣ್ದ್ ಹೋತ್."

ಬಟ್ಟೆ ಸುತ್ತಿ ಪಾತ್ರೆಯ ಒಂದು ಬದಿ ಅವನು, ಒಂದು ಬದಿ ಅವಳು ಹಿಡಿದರು. ವಾಮನ ಮೊಣಕೈಯಿಂದ ಬಾಗಿಲು ದೂಡಿದ. ಜಗಲಿಯ ತುದಿಯಲ್ಲಿ, ಅವರು ಒಳಗೆ ಕೂತಿದ್ದಾಗ ಯಾರೋ ಇಟ್ಟುಹೋದ ಒಂದು ಸ್ಟೀಲಿನ ಪಾತ್ರೆಯಿತ್ತು. ಬಾಯಿಗೆ ಬಾಳೆಲೆ ಮುಚ್ಚಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿದ್ದರು. ಎಲೆಯ ಅಂಚಿನಿಂದ ಗಂಜಿಯ ಹಬೆ ಏಳುತ್ತಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ.

ಗುಲಾಬಿ ತನ್ನ ಬದಿಯ ಪಾತ್ರೆಯನ್ನು ಕೆಳಗಿಟ್ಟಳು. ಒಳಗೆ ಹೋದಳು. ಒಲೆಯೊಳಗಿನ ಕೊಳ್ಳಿಗಳನ್ನು ಹೊರಗೆ ಎಳೆದು ನೀರು ಚಿಮುಕಿಸುವ ಸದ್ದು ವಾಮನನಿಗೆ ಕೇಳಿಸಿತು.